ಸಂಜೆ ಏಳೂವರೆಯ ಊಟ

ಓಬಳಮ್ಮನ ಕೈಯಿಂದ ಮುದ್ದೆಯ ಪಾತ್ರೆ ಜಾರಿದ್ದು ದೀಪಾವಳಿ ಕಳೆದ ಮೇಲಿನ ಸೋಮವಾರ. ಹಿಟ್ಟು ಬೆಂದು ಪಾತ್ರೆಯನ್ನು ಒಲೆಯಿಂದ ಕೆಳಗಿಳಿಸುವಾಗ ಬಲಭುಜದಲ್ಲಿ ಚಾಕು ಆಡಿಸಿದಂತಾಯಿತು. ಪಾತ್ರೆ ಕಟ್ಟೆಯ ಅಂಚಿಗೆ ಬಡಿದು ಕವುಚಿಕೊಂಡಿತು. ಐದು ಜನರ ಹಿಟ್ಟು ಅಡುಗೆಮನೆಯ ನೆಲದ ಪಾಲಾಯಿತು.

ರೇಷ್ಮೆ ಹುಳಕ್ಕೆ ಸೊಪ್ಪು ಹಾಕಿ ಕೈ ತೊಳೆದುಕೊಂಡು ಬರುತ್ತಿದ್ದ ಗಂಡ ಮುನಿವೆಂಕಟಪ್ಪ ಬಾಗಿಲಲ್ಲೇ ನಿಂತ.

"ಕಾಲ ಮೇಲೆ ಬಿತ್ತಾ?"

"ಇಲ್ಲ."

"ಮತ್ತೆ ಯಾಕಂಗೆ ನಿಂತಿದೀಯ?"

"ಕೈ ಎತ್ತಕ್ಕಾಗ್ತಿಲ್ಲ. ಎರಡು ತಿಂಗಳಾಯ್ತು," ಎಂದಳು ಓಬಳಮ್ಮ.

ಎರಡು ತಿಂಗಳಿಂದ ಅವಳು ರವಿಕೆ ತೊಡುವಾಗ ಹಲ್ಲು ಕಚ್ಚುತ್ತಿದ್ದದ್ದು, ಎಡಗೈಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದದ್ದು ಮನೆಯಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮಾರನೆಯ ದಿನ ಶಿಡ್ಲಘಟ್ಟದ ಮೂಳೆ ಡಾಕ್ಟರು ಕೈಯನ್ನು ಅತ್ತಿತ್ತ ತಿರುಗಿಸಿ ನೋಡಿ, ಭುಜ ಬಿಗಿದುಕೊಂಡಿದೆ ಎಂದರು. ಗೋಡೆಯ ಮೇಲೆ ಬೆರಳು ನಡೆಸುತ್ತಾ ಕೈ ಮೇಲಕ್ಕೇರಿಸುವ ವ್ಯಾಯಾಮ ಹೇಳಿಕೊಟ್ಟರು. ಮೂರು ತಿಂಗಳು ಮುದ್ದೆ ತಿರುವುವಂತಿಲ್ಲ, ಕೊಡ ಎತ್ತುವಂತಿಲ್ಲ.

ಜಂಗಮಕೋಟೆಗೆ ಒಂದೂವರೆ ಮೈಲಿ ದೂರದ ಆ ಊರಿನಲ್ಲಿ ಮುನಿವೆಂಕಟಪ್ಪನಿಗೆ ಒಂದೂಕಾಲು ಎಕರೆ ಹಿಪ್ಪುನೇರಳೆ ತೋಟ, ಮನೆಯ ಹಿಂದೆ ಹುಳ ಸಾಕುವ ಶೆಡ್ಡು ಇದ್ದವು. ಮಗ ರಮೇಶ್‌ಬಾಬು ದೇವನಹಳ್ಳಿ ಹತ್ತಿರದ ಕಂಪನಿಯೊಂದರ ಗೋಡೌನಿನಲ್ಲಿದ್ದ. ಅವನಿಗೆ ಒಂದು ವಾರ ಬೆಳಗಿನ ಶಿಫ್ಟು, ಮುಂದಿನ ವಾರ ಮಧ್ಯಾಹ್ನದ್ದು. ಸೊಸೆ ಪವಿತ್ರ ಚಿಕ್ಕಬಳ್ಳಾಪುರದ ರಕ್ತಪರೀಕ್ಷೆ ಲ್ಯಾಬಿನಲ್ಲಿ ಟೆಕ್ನಿಶಿಯನ್. ಆರಕ್ಕೆ ಲ್ಯಾಬು ಬಿಟ್ಟು, ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಿ ಮನೆ ಸೇರುವಷ್ಟರಲ್ಲಿ ಏಳೂಮುಕ್ಕಾಲು. ಅವರ ಮಗಳು ಯಾಮಿನಿ ಹತ್ತನೇ ತರಗತಿ. ಮುನಿವೆಂಕಟಪ್ಪ ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಏಳೂವರೆಗೆ ಊಟಕ್ಕೆ ಕೂರಬೇಕು. ಇಷ್ಟು ದಿನ ಈ ಎಲ್ಲರ ಹೊತ್ತುಗಳನ್ನು ಜೋಡಿಸಿಕೊಂಡು ಹೋಗುತ್ತಿದ್ದವಳು ಓಬಳಮ್ಮ. ಹೇಗೆ ಜೋಡಿಸುತ್ತಿದ್ದಳು ಎಂದು ಯಾರೂ ಕೇಳಿರಲಿಲ್ಲ.

ಮೊದಲ ವಾರ ಪವಿತ್ರ ಬಸ್ಸಿಳಿದವಳೇ ಚೀಲವನ್ನು ಕುರ್ಚಿಯ ಮೇಲೆಸೆದು ಒಲೆಯ ಮುಂದೆ ನಿಂತಳು. ಸೊಪ್ಪು ಬಿಡಿಸಿ, ಬೇಯಿಸಿ, ಖಾರ ರುಬ್ಬಿ, ಮುದ್ದೆ ತಿರುವುವಷ್ಟರಲ್ಲಿ ಒಂಬತ್ತೂಕಾಲು. ಮುನಿವೆಂಕಟಪ್ಪ ಗೋಡೆಗೊರಗಿ ಗಡಿಯಾರ ನೋಡುತ್ತಾ ಕೂತಿರುತ್ತಿದ್ದ. ಬಯ್ಯುತ್ತಿರಲಿಲ್ಲ. ಅದು ಬಯ್ಯುವುದಕ್ಕಿಂತ ಕಷ್ಟವಾಗುತ್ತಿತ್ತು ಪವಿತ್ರಳಿಗೆ.

ಎರಡನೇ ವಾರ ರಮೇಶ್‌ಬಾಬು ತನಗೆ ತಿಳಿದ ದಾರಿ ಹಿಡಿದ. ಜಂಗಮಕೋಟೆ ಕ್ರಾಸಿನಿಂದ ದಿನಕ್ಕೊಂದು ಪಾರ್ಸೆಲ್ ಬಂತು. ಒಂದು ದಿನ ಎಗ್ ರೈಸು, ಒಂದು ದಿನ ಪರೋಟ, ಒಂದು ದಿನ ಗೋಬಿ. ಯಾಮಿನಿ ಮೂರು ದಿನ ಖುಷಿಯಿಂದ ತಿಂದು ನಾಲ್ಕನೇ ದಿನ ಹೊಟ್ಟೆ ಹಿಡಿದುಕೊಂಡು ಮಲಗಿದಳು. ಮುನಿವೆಂಕಟಪ್ಪ ಪರೋಟದ ಒಂದು ಅಂಚು ಮುರಿದು ಬಾಯಿಗಿಟ್ಟು, ಉಳಿದದ್ದನ್ನು ಪಕ್ಕಕ್ಕೆ ಸರಿಸಿದ. ಬಿಸ್ಕತ್ತು ಅದ್ದಿಕೊಂಡು ಹಾಲು ಕುಡಿದು ಮಲಗಿದ. ಮಾರನೆಯ ದಿನವೂ ಬಿಸ್ಕತ್ತೇ ಅವನ ಊಟವಾಯಿತು.

ಭಾನುವಾರ ಬೆಳಗ್ಗೆ ಪವಿತ್ರ ಮಾವನ ಬೆರಳಿಗೆ ಸೂಜಿ ಚುಚ್ಚಿ ರಕ್ತ ನೋಡಿದಳು.

"ಖಾಲಿ ಹೊಟ್ಟೇಲಿ ಇನ್ನೂರ ಹತ್ತಿದೆ ಮಾವ. ಹೋದ ತಿಂಗಳು ನೂರ ನಲವತ್ತಿತ್ತು."

"ಪರೋಟ ತಂದೋನ್ನ ಕೇಳಮ್ಮ," ಎಂದ ಮುನಿವೆಂಕಟಪ್ಪ.

"ನೀನು ತಿಂದಿದ್ದು ಪರೋಟ ಅಲ್ಲಪ್ಪ, ಬಿಸ್ಕತ್ತು," ಎಂದ ರಮೇಶ್‌ಬಾಬು. "ನಾನೇನು ಮಾಡ್ಲಿ? ಇವಳು ಬರೋದು ಎಂಟು ಗಂಟೆಗೆ. ವಾರಕ್ಕೆ ಎರಡು ಸಾವಿರ ಹೋಟ್ಲಿಗೆ ಹೋಯ್ತು, ಅದೂ ಯಾರಿಗೂ ಒಗ್ಗಲಿಲ್ಲ." ಹೆಂಡತಿಯ ಕಡೆ ತಿರುಗಿದ. "ಒಂದ್ಮೂರು ತಿಂಗಳು ಕೆಲಸ ಬಿಟ್ಬಿಡು ಪವಿತ್ರ. ಅಮ್ಮಂಗೆ ಹುಷಾರಾದ್ಮೇಲೆ ಎಲ್ಲಾದ್ರೂ ಸೇರ್ಕೊಂಡ್ರಾಯ್ತು."

"ಎಲ್ಲಾದ್ರೂ ಅಂದ್ರೆ? ಒಂಬತ್ತು ವರ್ಷ ಆಯ್ತು ರೀ ನಾನಲ್ಲಿ ಸೇರಿ. ಜನವರಿಯಿಂದ ಇನ್‌ಚಾರ್ಜ್ ಮಾಡ್ತೀವಿ ಅಂತಿದಾರೆ. ಈಗ ಬಿಟ್ರೆ ಮತ್ತೆ ಹೊಸಬಳ ಥರ ಶುರು ಮಾಡ್ಬೇಕು."

"ನಾನು ಹನ್ನೆರಡು ಜನಕ್ಕೆ ತಿರುವ್ತಿದ್ದೆ. ಇವನನ್ನ ಸೊಂಟದ ಮೇಲೆ ಇಟ್ಕೊಂಡು," ಎಂದಳು ಓಬಳಮ್ಮ, ಯಾರ ಮುಖವನ್ನೂ ನೋಡದೆ.

"ಅದಕ್ಕೇ ಅತ್ತೆ ಇವತ್ತು ನಿಮ್ಮ ಕೈ ಹಿಂಗಾಗಿರೋದು."

ಓಬಳಮ್ಮ ಎದ್ದು ಹಿತ್ತಲಿಗೆ ಹೋದಳು. ಪವಿತ್ರಳಿಗೆ ಆಡಿದ ಮಾತು ನಾಲಿಗೆಯ ಮೇಲೇ ಉಳಿದಂತಾಯಿತು. ಕೊನೆಗೆ, "ಈ ತಿಂಗಳು ಕಳೀಲಿ. ಆಗ್ಲಿಲ್ಲ ಅಂದ್ರೆ ಬಿಡ್ತೀನಿ," ಎಂದಳು.

ನಡುಮನೆಯ ಮೂಲೆಯಲ್ಲಿ ಜಡೆ ಹೆಣೆದುಕೊಳ್ಳುತ್ತಿದ್ದ ಯಾಮಿನಿ ಮೂವರನ್ನೂ ನೋಡಿದಳು.

ಮಂಗಳವಾರ ಪವಿತ್ರ ಮನೆಗೆ ಬಂದಾಗ ಮಾವ ಊಟ ಮುಗಿಸಿ ಅಡಕೆ ಕತ್ತರಿಸುತ್ತಿದ್ದ. ಒಲೆಯ ಮೇಲೆ ಹುರುಳಿಕಾಳಿನ ಸಾರು, ಪಾತ್ರೆಯಲ್ಲಿ ಸೊಟ್ಟಪಟ್ಟ ಮುದ್ದೆಗಳು.

"ಯಾರು ಮಾಡಿದ್ದು?"

"ನಾನು," ಎಂದಳು ಯಾಮಿನಿ. "ಅಜ್ಜಿ ಕೂತ್ಕೊಂಡು ಹೇಳಿದ್ಲು. ನಾಲ್ಕು ಮುಕ್ಕಾಲಿಗೆ ಸ್ಕೂಲಿಂದ ಬಂದ್ಬಿಡ್ತೀನಲ್ಲ, ಟೈಮಿತ್ತು."

"ನನ್ನ ಮೊಮ್ಮಗಳ ಕೈಯಲ್ಲಿ ನಮ್ಮಮ್ಮನ ಹದ ಇದೆ," ಎಂದ ಮುನಿವೆಂಕಟಪ್ಪ.

ಎರಡೂವರೆ ವಾರ ಮನೆ ನೆಮ್ಮದಿಯಾಗಿತ್ತು. ಏಳೂವರೆಗೆ ತಟ್ಟೆ ಬೀಳುತ್ತಿತ್ತು. ಮುನಿವೆಂಕಟಪ್ಪನ ಸಕ್ಕರೆ ಇಳಿಯಿತು. ರಮೇಶ್‌ಬಾಬು ಮಗಳಿಗೆ ಒಂದು ಜೊತೆ ಓಲೆ ತಂದುಕೊಟ್ಟ. ಪವಿತ್ರ ಬಸ್ಸಿನಲ್ಲಿ ಕಿಟಕಿಗೆ ತಲೆಯೊರಗಿಸಿ ನಿದ್ದೆ ಮಾಡುವಷ್ಟು ಹಗುರಾದಳು.

ಡಿಸೆಂಬರ್ ಎರಡನೇ ಶುಕ್ರವಾರ ಮಧ್ಯಾಹ್ನ ಲ್ಯಾಬಿಗೆ ಫೋನು ಬಂತು. ಯಾಮಿನಿಯ ಗಣಿತದ ಟೀಚರು ಶಿರೀಷಾ.

"ಮನೇಲಿ ಅಜ್ಜಿ ಹೇಗಿದಾರೆ ಮೇಡಂ?"

"ಪರವಾಗಿಲ್ಲ. ಯಾಕೆ ಮಿಸ್?"

"ಸಂಜೆ ಸ್ಪೆಷಲ್ ಕ್ಲಾಸು ಶುರುವಾಗಿ ಮೂರು ವಾರ ಆಯ್ತು, ಯಾಮಿನಿ ಬಂದೇ ಇಲ್ಲ. ಅಜ್ಜಿಗೆ ಹುಷಾರಿಲ್ಲ, ಅಡುಗೆ ಮಾಡ್ಬೇಕು ಅಂತ ಪತ್ರ ಕೊಟ್ಟಿದಾಳೆ. ನಿಮ್ಮ ಸೈನಿದೆ. ಈ ಸಲದ ಟೆಸ್ಟಲ್ಲಿ ಐವತ್ತಕ್ಕೆ ಹದಿನೇಳು. ಅವಳು ಮೂವತ್ತೆಂಟು, ನಲವತ್ತು ತೆಗೀತಿದ್ದೋಳು."

ಪವಿತ್ರ ಸೈನು ತನ್ನದೇ ಎಂದಳು. ಆಮೇಲೆ ಯಾಕೆ ಹಾಗೆಂದೆ ಎಂದು ಅವಳಿಗೇ ತಿಳಿಯಲಿಲ್ಲ.

ಅವಳು ಮನೆಗೆ ಬಂದಾಗ ಊಟ ನಡೆಯುತ್ತಿತ್ತು. ಬೆಳಗಿನ ಶಿಫ್ಟಿನ ವಾರವಾದ್ದರಿಂದ ರಮೇಶ್‌ಬಾಬುವೂ ಕೂತಿದ್ದ. ಯಾಮಿನಿ ಬಡಿಸುತ್ತಿದ್ದಳು. ಪವಿತ್ರ ಚೀಲವನ್ನೂ ಇಳಿಸದೆ ಕೇಳಿದಳು.

"ನನ್ನ ಸೈನು ಹಾಕೋದು ಎಷ್ಟು ದಿನದಲ್ಲಿ ಕಲಿತೆ?"

ಯಾಮಿನಿ ಸೌಟನ್ನು ಸಾರಿನ ಪಾತ್ರೆಯಲ್ಲಿ ಬಿಟ್ಟಳು.

"ಏನಮ್ಮ ಅದು?" ಎಂದ ಮುನಿವೆಂಕಟಪ್ಪ.

"ನಾವು ಮೂರು ವಾರದಿಂದ ಉಣ್ತಿರೋದು ಅವಳ ಗಣಿತದ ಕ್ಲಾಸು ಮಾವ. ಸ್ಕೂಲಲ್ಲಿ ನಾಲ್ಕೂವರೆಯಿಂದ ಆರರ ತನಕ ಪಾಠ ನಡೀತಿದೆ. ಇವಳು ತಪ್ಪಿಸ್ಕೊಂಡು ಬಂದು ಮುದ್ದೆ ತಿರುವ್ತಿದಾಳೆ."

"ನಂಗೆ ಗೊತ್ತಿತ್ತು," ಎಂದಳು ಓಬಳಮ್ಮ. "ಎರಡನೇ ದಿನಾನೇ ಗೊತ್ತಾಯ್ತು. ಬೇಡ ಅಂದೆ. ಕೇಳಲಿಲ್ಲ. ಆಮೇಲೆ ನಾನೂ ಸುಮ್ನಾದೆ."

"ಯಾಕೆ ಸುಮ್ನಾದ್ರಿ ಅತ್ತೆ?"

ಅಜ್ಜಿಯ ಬದಲು ಯಾಮಿನಿಯೇ ಹೇಳಿದಳು. "ನಾನು ಕ್ಲಾಸಿಗೆ ಹೋದ್ರೆ ನೀನು ಕೆಲಸ ಬಿಡ್ತಿದ್ದೆ. ಈ ತಿಂಗಳು ಕಳೀಲಿ ಅಂದಿದ್ದೆ ಅಲ್ವಾ. ತಿಂಗಳು ಕಳೀಲಿ ಅಂತ ನಾನೇ ಮಾಡ್ದೆ."

ಮುನಿವೆಂಕಟಪ್ಪನ ಕೈಯಲ್ಲಿದ್ದ ತುತ್ತು ಸಾರಿನಲ್ಲೇ ನಿಂತಿತು. ಅನ್ನ ಬಿಟ್ಟು ಏಳಬಾರದು ಎಂದು ಮಕ್ಕಳಿಗೆ ಹೇಳುತ್ತಾ ಬಂದವನು ಅರ್ಧ ಮುದ್ದೆ ಉಳಿದಿದ್ದ ತಟ್ಟೆಯಲ್ಲಿ ಕೈ ತೊಳೆದುಕೊಂಡ.

"ಹೆಣ್ಣುಮಗು ಒಂದೆರಡು ದಿನ ಅಡುಗೆ ಮಾಡಿದ್ರೆ..." ಎಂದು ರಮೇಶ್‌ಬಾಬು ಶುರು ಮಾಡಿದ.

"ಒಂದೆರಡು ದಿನ ಅಲ್ಲ ರೀ. ಬೆಳಗ್ಗೆ ಶಿಫ್ಟಿನ ವಾರ ನೀವು ಮೂರೂವರೆಗೆ ಮನೇಲಿರ್ತೀರಿ. ಅವಳು ಒಲೆ ಮುಂದೆ ನಿಂತಿದ್ದಾಗ ನೀವೆಲ್ಲಿದ್ರಿ?"

"ನಾಲ್ಕು ಗಂಟೆಗೆ ಎದ್ದು ಹೋಗಿರ್ತೀನಿ ಕಣೇ. ಬಂದು ಮಲಗಿರ್ತೀನಿ."

"ನಾನೂ ಐದಕ್ಕೆ ಏಳ್ತೀನಿ. ಯಾವತ್ತಾದ್ರೂ ಬಂದು ಮಲಗಿದೀನಾ?" ಪವಿತ್ರಳ ದನಿ ಏರಲಿಲ್ಲ. ಅವಳು ಚೀಲ ಇಳಿಸಿ ನೆಲದ ಮೇಲೆ ಕೂತಳು. "ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕೋಕೆ ಈ ಮನೇಲಿ ಎಲ್ರೂ ಇದೀವಿ. ಜ್ವರ ಬಂದ್ರೂ ಎದ್ದು ಹೋಗಿ ಹಾಕ್ತೀವಿ. ಮನುಷ್ಯರಿಗೆ ಅನ್ನ ಹಾಕೋಕೆ ಮಾತ್ರ ಒಬ್ಬರೇ ಯಾಕಿರ್ಬೇಕು? ಮೊದ್ಲು ಅತ್ತೆ. ಆಮೇಲೆ ನಾನು. ಈಗ ಇವಳು."

ಯಾಮಿನಿ ಅಮ್ಮನಿಗೆ ತಟ್ಟೆ ತಂದಿಟ್ಟಳು. ಪವಿತ್ರ ಉಂಡಳು. ಮಗಳು ಮಾಡಿದ್ದನ್ನು ಬಿಸಾಡುವ ಮನಸ್ಸಾಗಲಿಲ್ಲ.

ಶನಿವಾರ ಮುನಿವೆಂಕಟಪ್ಪ ಇಡೀ ದಿನ ತೋಟದಲ್ಲಿದ್ದ. ಸೋಮವಾರದಿಂದ ಕ್ಲಾಸಿಗೆ ಹೋಗದಿದ್ದರೆ ತಾನೇ ಸ್ಕೂಲಿನ ತನಕ ಬಿಟ್ಟು ಬರುತ್ತೇನೆ ಎಂದು ಸಂಜೆ ಮೊಮ್ಮಗಳಿಗೆ ಹೇಳಿದ.

ಭಾನುವಾರ ನಡುಮನೆಯಲ್ಲಿ ಸೊಗಡವರೆಯ ರಾಶಿ ಸುರಿದುಕೊಂಡು ಎಲ್ಲರೂ ಕಾಯಿ ಬಿಡಿಸಲು ಕೂತರು. ಪವಿತ್ರ ಬಿಡಿಸುತ್ತಲೇ ಮಾತು ತೆಗೆದಳು.

"ಸಂಜೆ ಹೊತ್ತು ತಿನ್ನೋದು ಇದೆಯಲ್ಲ, ಅದನ್ನ ಇವತ್ತೇ ಅರ್ಧ ಮುಗಿಸಿಬಿಡೋಣ. ಈ ಕಾಳು ಬೇಯಿಸಿ ಎರಡು ಡಬ್ಬಿ ಫ್ರಿಜ್ಜಲ್ಲಿಟ್ರೆ ಎರಡು ದಿನ ಆಯ್ತು. ಖಾರ ಇವತ್ತೇ ಮೂರು ದಿನಕ್ಕಾಗೋಷ್ಟು ರುಬ್ಬಿಡೋಣ. ಸೊಪ್ಪು ತೊಳೆದು ಆರಿಸಿ ಪೇಪರಲ್ಲಿ ಸುತ್ತಿಟ್ರೆ ಬುಧವಾರದ ತನಕ ಬಾಡಲ್ಲ."

"ಹಳೇ ಖಾರದ ಸಾರು," ಎಂದಳು ಓಬಳಮ್ಮ.

"ಎರಡು ದಿನದ್ದು ಹಳೇದಲ್ಲ ಅತ್ತೆ. ಹದ ನೀವೇ ಹೇಳಿ. ಕೊಬ್ಬರಿ ಎಷ್ಟು, ಧನಿಯ ಎಷ್ಟು. ನನ್ನ ಕೈಗೆ ನಿಮ್ಮ ರುಚಿ ಬರಲ್ಲ."

ಓಬಳಮ್ಮ ಕಾಳನ್ನು ಮೊರಕ್ಕೆ ಹಾಕಿದಳು. "ಕೊಬ್ಬರಿ ಕಡಿಮೆ ಹಾಕು ಹಂಗಾದ್ರೆ. ಜಾಸ್ತಿ ಹಾಕಿದ್ರೆ ಎರಡನೇ ದಿನ ಮುಗ್ಗು ವಾಸನೆ ಬರುತ್ತೆ," ಎಂದಳು. ಅಲ್ಲಿಗೆ ಅವಳು ಒಪ್ಪಿದಂತಾಯಿತು.

"ಒಂದು ದಿನ ಬಸ್ಸಾರು ಮಾಡಿದ್ರೆ ಪಲ್ಯಾನೂ ಅದ್ರಲ್ಲೇ ಬಂತು," ಎಂದಳು ಯಾಮಿನಿ. "ಒಂದು ದಿನ ಅವರೆಕಾಳು ಉಪ್ಪಿಟ್ಟು. ಅದಕ್ಕೆ ಸಾರೂ ಬೇಡ."

"ಉಪ್ಪಿಟ್ಟು ನಾನು ಮಾಡ್ತೀನಿ," ಎಂದ ರಮೇಶ್‌ಬಾಬು. ಎಲ್ಲರೂ ಅವನನ್ನು ನೋಡಿದರು. "ಮದುವೆಗೆ ಮುಂಚೆ ರೂಮಲ್ಲಿದ್ದಾಗ ಮಾಡ್ತಿದ್ದೆ. ಮಧ್ಯಾಹ್ನದ ಶಿಫ್ಟಿನ ವಾರ ತರಕಾರಿ ಹೆಚ್ಚಿಟ್ಟು ಹೋಗ್ತೀನಿ. ಬೆಳಗ್ಗೆ ಶಿಫ್ಟಿದ್ರೆ ಅನ್ನ ಸಾರು ನಂದು."

"ಮುದ್ದೆ?" ಎಂದಳು ಪವಿತ್ರ.

"ಮುದ್ದೆ ದಿನಾ ಬೇಡ," ಎಂದ ಮುನಿವೆಂಕಟಪ್ಪ. "ವಾರಕ್ಕೆ ಮೂರು ದಿನ ಸಾಕು. ಮಿಕ್ಕ ದಿನ ಏನು ಮಾಡ್ತೀರೋ ಅದು. ಆ ಮೂರು ದಿನ ನಾನು ತಿರುವ್ತೀನಿ."

ರಮೇಶ್‌ಬಾಬು ನಕ್ಕ.

"ನಗಬೇಡ ಕಣೋ," ಎಂದ ಮುನಿವೆಂಕಟಪ್ಪ. "ತೋಟದಲ್ಲಿ ದಿನಕ್ಕೆ ಇಪ್ಪತ್ತು ಹೊರೆ ಸೊಪ್ಪು ಕೊಯ್ಯೋ ಕೈ ಇದು. ಐದು ಮುದ್ದೆ ತಿರುವಕ್ಕೆ ಆಗಲ್ವಾ?"

ಆಗಲಿಲ್ಲ, ಮೊದಲ ದಿನ. ಓಬಳಮ್ಮ ಬಾಗಿಲ ಪಕ್ಕ ಸ್ಟೂಲಿನ ಮೇಲೆ ಕೂತು ಗೋಡೆಯ ಮೇಲೆ ಬೆರಳು ನಡೆಸುತ್ತಾ ಹೇಳುತ್ತಿದ್ದಳು.

"ಹಿಟ್ಟು ಸುರೀರಿ. ಮಧ್ಯೆ ಕೋಲು ಚುಚ್ಚಿ ಬಿಟ್ಬಿಡಿ. ಮುಟ್ಟಬೇಡಿ."

"ಎಷ್ಟೊತ್ತು?"

"ಅದೇ ಹೇಳುತ್ತೆ."

"ಯಾರು, ಹಿಟ್ಟಾ?"

"ಹೂಂ. ಗುಳುಗುಳು ಅನ್ನೋದು ನಿಂತು ದಪ್ಪಗೆ ಉಸಿರು ಬಿಡುತ್ತೆ. ಈಗ ಇಳಿಸಿ. ಕೋಲು ಒಂದೇ ಕಡೆ ಆಡಿಸಬೇಡಿ, ತಳದಿಂದ ಬರ್ಲಿ. ಅಯ್ಯೋ, ಗಂಟಾಯ್ತು."

ಆ ಸಂಜೆ ಎಲ್ಲರೂ ಒಳಗೆ ಹಸಿ ಹಿಟ್ಟಿದ್ದ ಮುದ್ದೆಯನ್ನು ಬಿಡಿಸಿ ಬಿಡಿಸಿ ಉಂಡರು. ಮುನಿವೆಂಕಟಪ್ಪನ ತೋಳು ರಾತ್ರಿಯೆಲ್ಲ ನೋಯಿತು. ಅವನು ಓಬಳಮ್ಮನ ಮುಲಾಮನ್ನು ಕೇಳಿ ಹಚ್ಚಿಕೊಂಡ. "ಇಷ್ಟು ಬಲ ಬೇಕು ಅಂತ ಗೊತ್ತಿರಲಿಲ್ಲ ಕಣೇ," ಎಂದ. ಅವಳು ಹೂಂ ಅಂದಳು, ಅಷ್ಟೆ.

ನಾಲ್ಕನೇ ಸಲಕ್ಕೆ ಗಂಟು ಹೋಯಿತು. ಎಲ್ಲ ವಾರವೂ ಅಂದುಕೊಂಡಂತೆ ನಡೆಯಿತು ಎಂದಲ್ಲ. ರಮೇಶ್‌ಬಾಬು ಎರಡು ಸಲ ಮಲಗಿ ನಿದ್ದೆ ಹೋಗಿ ಅನ್ನಕ್ಕಿಡುವುದನ್ನು ಮರೆತ. ಹುಳ ಹಣ್ಣಾಗಿ ಗೂಡು ಕಟ್ಟಲು ಬಿಡುವ ಮೂರು ದಿನ ಯಾರಿಗೂ ಒಲೆಯ ಕಡೆ ತಿರುಗಲು ಪುರುಸೊತ್ತಾಗಲಿಲ್ಲ. ಮಧ್ಯಾಹ್ನದ ಅನ್ನಕ್ಕೆ ನಿಂಬೆಹುಳಿ ಹಿಂಡಿ ಚಿತ್ರಾನ್ನ ಕಲೆಸಿಕೊಂಡು, ಮುನಿವೆಂಕಟಪ್ಪನಿಗೆ ಮಾತ್ರ ಎರಡು ರಾಗಿರೊಟ್ಟಿ ತಟ್ಟಿ, ಶೆಡ್ಡಿನ ಜಗುಲಿಯ ಮೇಲೆ ಕೂತು ಎಲ್ಲರೂ ತಿಂದರು.

ಓಬಳಮ್ಮನಿಗೆ ಮಾತ್ರ ಒಂದು ಕಸಿವಿಸಿ ಇತ್ತು. ರಮೇಶ್‌ಬಾಬು ಈರುಳ್ಳಿ ದಪ್ಪಗೆ ಹೆಚ್ಚುತ್ತಾನೆ, ಕಟ್ಟೆ ಒರೆಸುವುದಿಲ್ಲ, ಒಗ್ಗರಣೆಗೆ ಎಣ್ಣೆ ಸುರಿಯುತ್ತಾನೆ. ಒಂದು ಸಂಜೆ ಅವಳು ಎದ್ದು ಎಡಗೈಯಲ್ಲಿ ಅವನ ಕೈಯ ಸೌಟು ಕಿತ್ತುಕೊಂಡಳು.

"ಅಮ್ಮ, ಡಾಕ್ಟ್ರು ಏನು ಹೇಳಿದಾರೆ?"

"ಡಾಕ್ಟ್ರು ಭಾರ ಎತ್ತಬೇಡ ಅಂದ್ರು. ಕೈಕಟ್ಟಿ ಕೂರು ಅನ್ನಲಿಲ್ಲ. ನೀವೆಲ್ಲ ಕಲ್ತುಬಿಟ್ರೆ ನಾನು ಇಲ್ಲಿ ಏನು ಮಾಡ್ಲಿ?"

ಆಗತಾನೇ ಬಂದಿದ್ದ ಪವಿತ್ರ ಬಾಗಿಲಲ್ಲಿ ಕೇಳಿಸಿಕೊಂಡಳು. ಬಿಸಿನೀರಿನ ಚೀಲ ತಂದು ಅತ್ತೆಯ ಭುಜಕ್ಕಿಟ್ಟಳು. "ಅವತ್ತು ನಾನು ಹಂಗನ್ನಬಾರದಿತ್ತು ಅತ್ತೆ. ನಿಮ್ಮ ಕೈ ಬಗ್ಗೆ."

"ಅಂದಿದ್ದು ಸರಿಯಾಗೇ ಇತ್ತು," ಎಂದಳು ಓಬಳಮ್ಮ. ತಾನೇ ಮಾತು ಮುಂದುವರಿಸಿದಳು. "ಮದುವೆಯಾದ ಹೊಸದ್ರಲ್ಲಿ ಶಿಡ್ಲಘಟ್ಟದಲ್ಲಿ ನೂಲು ತೆಗೆಯೋ ಕೆಲಸಕ್ಕೆ ಹೋಗ್ತಿದ್ದೆ ನಾನು. ಎಂಟು ತಿಂಗಳು ಹೋದೆ. ಸಂಜೆ ಬರೋದು ತಡ ಆಗುತ್ತೆ, ನಮ್ಮತ್ತೇಗೆ ಮುದ್ದೆ ತಿರುವಕ್ಕಾಗಲ್ಲ ಅಂತ ಬಿಡಿಸಿದ್ರು. ನಾನೂ ಬಿಟ್ಟೆ. ಯಾಮಿನಿ ಸುಳ್ಳು ಹೇಳಿ ಬರ್ತಾಳೆ ಅಂತ ಗೊತ್ತಾದಾಗ ಯಾಕೆ ಸುಮ್ನಾದೆ ಅಂತ ಕೇಳಿದ್ಯಲ್ಲ. ನೀನು ಬಿಡೋದು ಬೇಡ ಅನ್ನಿಸ್ತು. ಆ ಮಗೂದು ಹೋಗ್ತಿದೆ ಅಂತ ತೋಚಲಿಲ್ಲ ನಂಗೆ."

ಪವಿತ್ರ ಬಿಸಿನೀರಿನ ಚೀಲವನ್ನು ಇನ್ನೊಂದು ಮಗ್ಗುಲಿಗೆ ಸರಿಸಿ ಇಟ್ಟುಕೊಂಡೇ ಕೂತಳು. ಸಾರಿಗೆ ಉಪ್ಪು ಹಾಕಿದ್ದು ಮರೆತು ರಮೇಶ್‌ಬಾಬು ಇನ್ನೊಮ್ಮೆ ಹಾಕಿದ. ಆ ದಿನ ಯಾರೂ ಅದನ್ನು ಎತ್ತಿ ಆಡಲಿಲ್ಲ.

ಜನವರಿಯಲ್ಲಿ ಪವಿತ್ರ ಲ್ಯಾಬಿನ ಇನ್‌ಚಾರ್ಜ್ ಆದಳು. ವಾರದಲ್ಲಿ ಎರಡು ದಿನ ಮನೆಗೆ ಬರುವುದು ಇನ್ನೂ ಅರ್ಧ ಗಂಟೆ ತಡವಾಯಿತು. ಯಾಮಿನಿಗೆ ಗಣಿತದಲ್ಲಿ ಐವತ್ತಕ್ಕೆ ಮೂವತ್ತೊಂದು ಬಂತು. ಇನ್ನೂ ಹಳೆಯ ಮಟ್ಟ ಮುಟ್ಟಿಲ್ಲ ಎಂದು ಶಿರೀಷಾ ಟೀಚರು ಬರೆದು ಕಳಿಸಿದರು.

ಅದೇ ತಿಂಗಳ ಕೊನೆಯ ಗುರುವಾರ ಓಬಳಮ್ಮನ ತಮ್ಮ ನರಸಿಂಹಪ್ಪ ಬಂದ. ಚಿಂತಾಮಣಿ ಕಡೆಯವನು. ಶಿಡ್ಲಘಟ್ಟದ ಮಾರ್ಕೆಟ್ಟಿಗೆ ರೇಷ್ಮೆಗೂಡು ಹಾಕಿ, ಅಕ್ಕನನ್ನು ನೋಡಿಕೊಂಡು ಹೋಗೋಣವೆಂದು ಬಂದಿದ್ದ. ಯಾಮಿನಿ ಬಾಗಿಲು ತೆಗೆದಳು. ಒಳಗೆ ಬಂದವನಿಗೆ ಕಂಡದ್ದು ಅಡುಗೆಮನೆಯ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು ಹಿಟ್ಟು ತಿರುವುತ್ತಿದ್ದ ಬಾವ.

"ಏಂ ಬಾವಾ, ಇದೇಂ ಪನಿ?" ಇದೇನು ಕೆಲಸ ಎಂದು ಕೇಳಲು ಅವನಿಗೆ ತೆಲುಗೇ ಬಂದುಬಿಟ್ಟಿತು. "ಮನೇಲಿ ಹೆಣ್ಣುಮಕ್ಕಳು ಮೂರು ಜನ ಇದಾರಲ್ಲ?"

ತವರಿನಲ್ಲಿ ಈ ಮಾತು ನಾಳೆಯೇ ಹರಡುತ್ತದೆ ಎಂದುಕೊಂಡಳು ಓಬಳಮ್ಮ. ಅವಳು ಗಂಡನ ಮುಖ ನೋಡಿದಳು. ಅವನು ಬಿಟ್ಟು ಎದ್ದರೆ ಮತ್ತೆ ಕೂರುವುದಿಲ್ಲ ಎನಿಸಿತು.

ಮುನಿವೆಂಕಟಪ್ಪ ಹಣೆಯ ಬೆವರನ್ನು ತೋಳಿನಿಂದ ಒರೆಸಿಕೊಂಡ. "ನಿಮ್ಮಕ್ಕ ಇಷ್ಟು ವರ್ಷ ತಿರುವಿ ಭುಜ ಕಳ್ಕೊಂಡ್ಲು. ಈಗ ನಂದು ಸರದಿ," ಎಂದ. "ಕೈಕಾಲು ತೊಳ್ಕೊಂಡು ಬಾ. ನಿಂಗೂ ಒಂದು ಮುದ್ದೆ ಇದೆ."

ನರಸಿಂಹಪ್ಪ ಬಚ್ಚಲ ಕಡೆ ಹೋದ.

ಎಲ್ಲರೂ ಸಾಲಾಗಿ ಕೂತರು. ರಮೇಶ್‌ಬಾಬು ಹುರುಳಿಕಾಳಿನ ಸಾರು ಬಡಿಸಿದ. ಪವಿತ್ರ ಅದೇ ಹೊತ್ತಿಗೆ ಬಂದು ಮಗಳ ಪಕ್ಕ ಕೂತಳು. ಓಬಳಮ್ಮ ಬಾಗಿಲ ಹತ್ತಿರ ನಿಂತಿದ್ದಳು. ಪವಿತ್ರ ಹಿಂದೆ ಎರಡು ಮೂರು ಸಲ ಕರೆದು, ಅವಳು ಕೂರದಿದ್ದಾಗ ಸುಮ್ಮನಾಗಿದ್ದಳು.

"ನೀನೂ ಕೂತ್ಕೊ," ಎಂದ ಮುನಿವೆಂಕಟಪ್ಪ.

"ನೀವೆಲ್ಲ ಉಣ್ಣಿ. ನಂದು ಆಮೇಲೆ."

"ಆಮೇಲೆ ಆರೋಗುತ್ತೆ. ಕಷ್ಟಪಟ್ಟು ತಿರುವಿದೀನಿ ಕಣೇ. ಬಿಸಿ ಇದ್ದಾಗ ಉಂಡ್ರೆ ತಾನೇ ತಿರುವಿದೋನಿಗೂ ಸಮಾಧಾನ?"

ತಮ್ಮನ ಮುಂದೆ, ಗಂಡನ ಪಕ್ಕ ಕೂತು ಉಣ್ಣುವುದೆಂದರೆ ಓಬಳಮ್ಮನಿಗೆ ಕಾಲು ಮಡಚುವುದೂ ಕಷ್ಟವಾಯಿತು. ಕೂತಳು. ಮುನಿವೆಂಕಟಪ್ಪ ಅವಳ ತಟ್ಟೆಗೆ ಮುದ್ದೆ ಇಟ್ಟ. ಅದರ ಮೇಲೆ ಹಬೆ ಏಳುತ್ತಿತ್ತು. ಅವಳು ದಿನದ ರೂಢಿಯಂತೆ ಬೆರಳು ಹಾಕಿ ಮುರಿಯಲು ಹೋದವಳು ಥಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಏನಾಯ್ತಕ್ಕ, ಭುಜ ನೋವಾ?" ಎಂದ ನರಸಿಂಹಪ್ಪ.

"ಇಲ್ಲ," ಎಂದಳು ಓಬಳಮ್ಮ. "ಸುಡುತ್ತೆ."

ಎಲ್ಲರ ಊಟ ಮುಗಿದ ಮೇಲೆ ತಳದಲ್ಲಿ ಆರಿ ಉಳಿದದ್ದನ್ನು ಹಾಕಿಕೊಂಡು ಬಂದ ಬೆರಳುಗಳು ಅವು. ಬಿಸಿ ಮುದ್ದೆಯನ್ನು ಕಟ್ಟಿ ಕೊಡುವುದು ಅವಕ್ಕೆ ಗೊತ್ತಿತ್ತು. ಮುರಿಯುವುದು ಗೊತ್ತಿರಲಿಲ್ಲ. ಸಾಲಿನಲ್ಲಿ ಕೂತವರಿಗೆ ಇದು ಒಬ್ಬೊಬ್ಬರಿಗೇ ಅರ್ಥವಾಗುತ್ತಾ ಹೋಯಿತು. ರಮೇಶ್‌ಬಾಬು ಸಾರಿನ ಸೌಟು ಹಿಡಿದುಕೊಂಡು ನಿಂತೇ ಇದ್ದ.

"ಬೆರಳು ಮೊದ್ಲು ಸಾರಲ್ಲಿ ಅದ್ಕೋ ಅಜ್ಜಿ," ಎಂದಳು ಯಾಮಿನಿ. "ಆಮೇಲೆ ಅಂಚಿಂದ ಸ್ವಲ್ಪ ಸ್ವಲ್ಪ ತಗೋ."

ಓಬಳಮ್ಮ ಮೊಮ್ಮಗಳು ಹೇಳಿದಂತೆ ಮಾಡಿದಳು. ಒಂದು ಚೂರು ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದಳು. ಇನ್ನೊಂದು ಚೂರು ಮುರಿದಳು. ನರಸಿಂಹಪ್ಪ ಮಾರ್ಕೆಟ್ಟಿನ ಮಾತು ತೆಗೆದ, ಮುನಿವೆಂಕಟಪ್ಪ ಉತ್ತರ ಕೊಟ್ಟ, ಪವಿತ್ರ ಮಗಳ ಹತ್ತಿರ ಕ್ಲಾಸಿನ ವಿಷಯ ಕೇಳಿದಳು. ಓಬಳಮ್ಮ ಯಾರ ಮಾತಿಗೂ ಸೇರದೆ, ತಲೆ ಎತ್ತದೆ, ತಟ್ಟೆಯಲ್ಲಿದ್ದದ್ದನ್ನೆಲ್ಲ ಉಂಡಳು. ಆಮೇಲೆ ಗಂಡನ ಕಡೆ ನೋಡಿದಳು.

"ಇನ್ನೊಂದರ್ಧ ಹಾಕಿ," ಎಂದಳು.